ಕೆಂಪು ಔಷಧಿ

ಅಕ್ಕ ತೀರಿಹೋದ ಮೇಲೆ ಕೋಳಿಗಳಿಗೆ ಕಾಳು ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಹಿತ್ತಲಲ್ಲಿ ಐದು ಹೇಂಟೆಗಳಿದ್ದವು. ಕಂದು ಬಣ್ಣದ್ದನ್ನು ಅಕ್ಕ ‘ಮೇಡಂ’ ಎಂದು ಕರೆಯುತ್ತಿದ್ದಳು. ಅವಳು ಕೆಲಸ ಮಾಡುತ್ತಿದ್ದ ಆಸ್ಪತ್ರೆಯ ಹೆಡ್ ನರ್ಸ್ ಹೀಗೇ ಕತ್ತು ಚಾಚಿಕೊಂಡು ನಡೆಯುತ್ತಿದ್ದರಂತೆ. ಅಕ್ಕ ಹಿತ್ತಲ ಮೆಟ್ಟಿಲ ಮೇಲೆ ಕೂತರೆ ಮೇಡಂ ಬಂದು ಅವಳ ಪಾದಕ್ಕೆ ಒತ್ತಿಕೊಂಡು ಕೂರುತ್ತಿತ್ತು.

ಈಗ ಉಳಿದ ನಾಲ್ಕೂ ಸೇರಿ ಮೇಡಂನ ಬೆನ್ನಿನ ಗರಿ ಕಿತ್ತುಹಾಕಿದ್ದವು. ಬರಿಯ ಚರ್ಮ ಕಾಣುತ್ತಿತ್ತು, ನಡುವೆ ಒಂದು ಹಸಿ ಗಾಯ.

“ಸಾಯೋಕೆ ಮುಂಚೆ ಮಾಂಸದಂಗಡಿಯವನಿಗೆ ಕೊಟ್ಟುಬಿಡೋಣ ಕಣೇ. ಕಣ್ಣಲ್ಲಿ ನೋಡೋಕಾಗಲ್ಲ,” ಎಂದರು ಅತ್ತಿಗೆ.

“ಇರಲಿ ಅತ್ತಿಗೆ. ನಾನು ನೋಡ್ಕೋತೀನಿ.”

ಅಕ್ಕನ ಕನ್ನಡಕ, ಚಪ್ಪಲಿ ಯಾವುದನ್ನೂ ನಾನು ಮುಟ್ಟಿರಲಿಲ್ಲ. ಅಳುವೂ ಬಂದಿರಲಿಲ್ಲ. ಮೇಡಂ ಮಾತ್ರ ಉಳಿಯಬೇಕು ಎನ್ನುವುದೊಂದು ಇತ್ತು.

ಮನೆಗೆ ಜನ ಬರುವುದು ನಿಂತಿರಲಿಲ್ಲ. ಅತ್ತಿಗೆ ಅವರನ್ನು ನೇರವಾಗಿ ನನ್ನ ಕೋಣೆಗೆ ಕರೆತರುತ್ತಿದ್ದರು. “ಕೊನೇಲಿ ಏನಂದ್ರು? ಪ್ರಜ್ಞೆ ಇತ್ತಾ?” ಎಂದು ಎಲ್ಲರೂ ಕೇಳುವರು. “ನೀರು ಕೇಳಿದಳು. ತರೋಷ್ಟರಲ್ಲಿ ಹೋಗಿದ್ದಳು,” ಎನ್ನುತ್ತಿದ್ದೆ, ದಾರಿ ಕೇಳಿದವರಿಗೆ ದಾರಿ ಹೇಳಿದಂತೆ. “ಅಯ್ಯೋ, ಒಂದು ಚೊಂಬು ನೀರು ಪಕ್ಕದಲ್ಲೇ ಇಟ್ಟಿದ್ದಿದ್ರೆ!” ಎಂದು ಯಾರಾದರೊಬ್ಬರು ಹೇಳಿಯೇ ಹೇಳುವರು. ನಾನು ಹೌದೆಂದು ತಲೆಯಾಡಿಸುತ್ತಿದ್ದೆ.

ಅಂಥವರೊಬ್ಬರು ಎದ್ದುಹೋದ ಮೇಲೆ ಅಕ್ಕನ ಔಷಧಿ ಡಬ್ಬಿ ತೆಗೆದು, ಗಾಯಕ್ಕೆ ಹಚ್ಚುವ ಕೆಂಪು ಔಷಧಿಯನ್ನು ಹತ್ತಿಯಲ್ಲಿ ಅದ್ದಿ, ಮೇಡಂನ ಬೆನ್ನಿಗೆ ಧಾರಾಳವಾಗಿ ಹಚ್ಚಿದೆ. ಕೆಳಗೆ ಬಿಟ್ಟದ್ದೇ ತಡ, ನಾಲ್ಕೂ ಊಟಕ್ಕೆ ಕರೆದ ಹಾಗೆ ಓಡಿಬಂದವು. ಎಲ್ಲಕ್ಕೂ ಮುಂದೆ ಕರಿ ಕೋಳಿ.

ಅತ್ತಿಗೆ ಪೊರಕೆ ಹಿಡಿದು ಬರುವ ಹೊತ್ತಿಗೆ ಗಾಯ ಎರಡರಷ್ಟಾಗಿತ್ತು. “ಏನೇ ಹಚ್ಚಿದೆ ಅದಕ್ಕೆ?”

“ಔಷಧಿ. ಕೆಂಪು ಕಂಡ ಕಡೆ ಕುಕ್ತಾವೆ ಅತ್ತಿಗೆ. ನಾನೇ ಬಣ್ಣ ಹಚ್ಚಿ ತೋರಿಸಿಕೊಟ್ಟೆ.”

ಅತ್ತಿಗೆ ನನ್ನ ಮುಖವನ್ನೇ ನೋಡಿದರು. ಆಮೇಲೆ ಪೊರಕೆ ಕೆಳಗಿಟ್ಟು ಉಗುರುಬೆಚ್ಚಗಿನ ನೀರು ತಂದರು. ನಾನು ಹಿಡಿದುಕೊಂಡೆ, ಅವರು ತೊಳೆದರು. ಬಾಯಿಹುಣ್ಣಿಗೆ ಹಚ್ಚುವ ನೀಲಿ ಔಷಧಿಯೂ ಅದೇ ಡಬ್ಬಿಯಲ್ಲಿತ್ತು. ಅದನ್ನು ಹಚ್ಚಿದಾಗ ಕೆಂಪು ಕಾಣದಾಯಿತು.

ಗಲಾಟೆ ಕೇಳಿ ಪಕ್ಕದ ಮನೆಯ ಟೈಲರ್ ಗೋಡೆಯಾಚೆಯಿಂದ ಟೇಪು ಹಿಡಿದು ಇಣುಕಿದ. “ಅಮ್ಮಾ, ಮೇಡಂನ ಅಳತೆ ಬೇಕಿತ್ತು. ಬೆನ್ನು ಪೂರ್ತಿ ಮುಚ್ಚೋ ಅಂಗಿ. ಈಗಿನ ಹುಡುಗೀರು ಒಪ್ಪಲ್ಲ, ಇವರು ಒಪ್ತಾರಾ ಕೇಳಿ.”

“ಜೇಬು ಇಡೋದು ಮರೀಬೇಡಪ್ಪ,” ಎಂದರು ಅತ್ತಿಗೆ.

ಅವನು ಅಕ್ಕನ ವಿಷಯ ಎತ್ತಲಿಲ್ಲ. ರೆಕ್ಕೆಗೆ ಎಷ್ಟು ಸಡಿಲ ಬಿಡಬೇಕು ಎಂದಷ್ಟೇ ಕೇಳಿದ. ಸಂಜೆಯೊಳಗೆ ಬೂದು ಬಟ್ಟೆಯದೊಂದು ಬೆನ್ನುಮುಚ್ಚು ಬಂತು. ರೆಕ್ಕೆಗಳಿಗೆ ಎಲಾಸ್ಟಿಕ್ ಇತ್ತು. ಹೊಳೆದರೆ ಅದನ್ನೂ ಕುಕ್ಕಿಯಾವು ಎಂದು ಗುಂಡಿ ಹಾಕಿರಲಿಲ್ಲ.

ಕರಿ ಕೋಳಿಯನ್ನು ಕೆಲವು ದಿನ ಬುಟ್ಟಿಯ ಕೆಳಗೆ ಬೇರೆ ಇಟ್ಟೆವು. ಕುಕ್ಕುವ ಚಟಕ್ಕೆ ಬೇರೆ ಏನಾದರೂ ಸಿಗಲಿ ಎಂದು ಅತ್ತಿಗೆ ಒಂದು ಎಲೆಕೋಸನ್ನು ಹುರಿಯಲ್ಲಿ ಕಟ್ಟಿ ನೇತುಹಾಕಿದರು. ಬುಟ್ಟಿ ಎತ್ತಿದ ದಿನ ಕರಿ ಕೋಳಿ ನೇರ ಮೇಡಂ ಬಳಿಗೇ ಬಂತು. ಬಟ್ಟೆಯನ್ನು ಕುಕ್ಕಿತು, ಮತ್ತೆ ಕುಕ್ಕಿತು. ಏನೂ ಸಿಗಲಿಲ್ಲ. ಎಲೆಕೋಸಿನ ಕಡೆ ಹೋಯಿತು.

ನಾನು ಮೆಟ್ಟಿಲ ಮೇಲೆ ಕೂತಿದ್ದೆ. ಮುಂಬಾಗಿಲಲ್ಲಿ ಯಾರೋ ಹೆಂಗಸಿನ ದನಿ ಕೇಳಿಸಿತು. “ಕೊನೇಲಿ ಹೇಗಾಯ್ತು ಅಂತ ಕೇಳ್ಕೊಂಡು ಹೋಗೋಣ ಅಂತ ಬಂದೆ. ತಂಗಿ ಎಲ್ಲಿ?”

“ಮಲಗಿದಾಳೆ,” ಎಂದರು ಅತ್ತಿಗೆ.

ಹಿಂಬಾಗಿಲು ತೆರೆದೇ ಇತ್ತು. ಮುಂಬಾಗಿಲಿಂದ ನನ್ನ ಬೆನ್ನು ಕಾಣುತ್ತಿದ್ದಿರಬೇಕು. ಅತ್ತಿಗೆ ಬಂದು ಬಾಗಿಲನ್ನು ಸದ್ದಾಗದಂತೆ ಮುಂದೆ ಮಾಡಿದರು. “ಬನ್ನಿ, ಕೂತ್ಕೊಳ್ಳಿ. ನಮ್ಮ ಕೋಳಿಗೆ ಅಂಗಿ ಹೊಲಿಸಿದ್ದು ಗೊತ್ತಾ ನಿಮಗೆ?” ಎನ್ನುತ್ತಿದ್ದರು.

ಮೇಡಂ ಬಂದು ನನ್ನ ಪಾದಕ್ಕೆ ಒತ್ತಿಕೊಂಡು ಕೂತಿತು. ಕಾಲು ಜೋಮು ಹಿಡಿಯಿತು. ಅದು ತಾನಾಗಿ ಏಳುವವರೆಗೂ ನಾನು ಕದಲಲಿಲ್ಲ.