ಅಂಗಾಲಿನ ಹಳದಿ

ಪ್ರೇಮನಾಥಣ್ಣ ಕೆಟ್ಟವರಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇದರಲ್ಲಿ ಕೆಟ್ಟವರು ಯಾರೂ ಇಲ್ಲ, ನನಗೆ ಸಿಟ್ಟು ಬರುವುದೇ ಅದಕ್ಕೆ. ಇದ್ದಿದ್ದರೆ ನಾಲ್ಕು ಬೈದು ಮನಸ್ಸು ಹಗುರ ಮಾಡಿಕೊಳ್ಳುತ್ತಿದ್ದೆ.

ನಾನು ನುಸ್ರತ್, ಇಚಿಲಂಪಾಡಿಯ ಆಶಾ ಕಾರ್ಯಕರ್ತೆ. ಹನ್ನೊಂದು ವರ್ಷದಿಂದ ಬಾಣಂತಿಯರ ಮನೆ ಮನೆ ತಿರುಗುವುದೇ ನನ್ನ ಕೆಲಸ. ಪ್ರೇಮನಾಥಣ್ಣ ಕಡಬದಲ್ಲಿ ಶಾಮಿಯಾನ ಬಾಡಿಗೆಗೆ ಕೊಡುವವರು. ಅವರ ಮಗಳು ಪೂಜಿತಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಪುತ್ತೂರಿನಲ್ಲಿ ಹೆಣ್ಣು ಮಗುವಾಗಿ, ಮೂರನೆಯ ದಿನ ಮನೆಗೆ ಕರೆತಂದಿದ್ದರು.

ಐದನೆಯ ದಿನ ಬೆಳಿಗ್ಗೆ ನಾನು ಹೋದೆ. ಮಗುವಿನ ಬಟ್ಟೆ ಸರಿಸಿ ಕಿಟಕಿಯ ಬೆಳಕಿಗೆ ಹಿಡಿದೆ. ಮುಖ ಹಳದಿ, ಹೊಟ್ಟೆ ಹಳದಿ. ಅಂಗಾಲನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟೆ. ಅಲ್ಲಿಯೂ ಅರಸಿನ ಮೆತ್ತಿದ ಹಾಗೆ ಹಳದಿ. ಬೆಳಗಿನಿಂದ ಹಾಲು ಚೀಪಿಲ್ಲ, ಎಬ್ಬಿಸಿದರೆ ಕಣ್ಣು ಬಿಡುವುದಿಲ್ಲ. ಕೂಸುಗಳ ಕಾಮಾಲೆ ಅಂಗಾಲಿನವರೆಗೆ ಇಳಿದರೆ ಒಂದು ಗಳಿಗೆಯೂ ಕಾಯಬಾರದು, ವಿಷ ಮಿದುಳಿಗೆ ಏರುತ್ತದೆ. ತರಬೇತಿಯಲ್ಲಿ ನಮಗೆ ಬಾಯಿಪಾಠ ಮಾಡಿಸಿದ ಮಾತು ಅದು.

"ಈಗಲೇ ಪುತ್ತೂರಿಗೆ ಕೊಂಡೋಗ್ಬೇಕು ಅಣ್ಣ."

ಬಿಸಿಲಿಗೆ ಹಿಡಿಯುವ, ನಾಟಿ ಮದ್ದು ಕೊಡುವ ಎಂದೆಲ್ಲ ಅವರು ಹೇಳಲಿಲ್ಲ. ನೇರ ಕಾರಿನ ಕೀ ತೆಗೆದರು. ಬಾಗಿಲಿನವರೆಗೆ ಹೋಗಿ ನಿಂತರು.

"ಕೊಯಿಲಕ್ಕೆ ಒಂದು ಫೋನ್ ಮಾಡಿ ಹೋಗುವ."

ಕೊಯಿಲದಲ್ಲಿ ಪೂಜಿತಾಳ ಗಂಡನ ಮನೆ. ಮಗುವಿನ ವಿಷಯದಲ್ಲಿ ಅವರನ್ನು ಬಿಟ್ಟು ಹೆಜ್ಜೆ ಇಡಬಾರದು, ಅದು ಮರ್ಯಾದೆ. ಎಂಟನೆಯ ತಿಂಗಳಲ್ಲಿ ಪೂಜಿತಾ ಜ್ವರ ಬಂದು ಎರಡು ದಿನ ಆಸ್ಪತ್ರೆಯಲ್ಲಿದ್ದಾಗ ಇವರು ತಿಳಿಸಿರಲಿಲ್ಲ. ಆಮೇಲೆ ಮಗು ನೋಡಲು ಬಂದ ಅತ್ತೆ ಸುಂದರಿಯಕ್ಕ, "ನಮಗೆಲ್ಲ ಯಾಕೆ ಹೇಳ್ತೀರಿ, ನಾವು ಹೊರಗಿನವರಲ್ವಾ?" ಎಂದು ವಾರ್ಡಿನಲ್ಲಿ ನಾಲ್ಕು ಜನರ ಎದುರೇ ಕೇಳಿದ್ದರು. ಆ ಮಾತು ಪ್ರೇಮನಾಥಣ್ಣನಿಗೆ ಚೆನ್ನಾಗಿ ನಾಟಿತ್ತು.

ಗಂಡ ಸಂಪ್ರೀತ್ ಉಪ್ಪಿನಂಗಡಿಯ ಪೆಟ್ರೋಲ್ ಪಂಪಿನಲ್ಲಿದ್ದ. "ಅಮ್ಮನತ್ರ ಕೇಳಿ ಮಾವ, ನನಗೆಂತ ಗೊತ್ತುಂಟು" ಎಂದ. ಆಮೇಲೆ ಅವನ ಅಮ್ಮನಿಗೇ ಫೋನ್ ಮಾಡಿದರು. ಸುಂದರಿಯಕ್ಕನ ದನಿ ಫೋನಿನಿಂದ ಹೊರಗೆ ನನಗೂ ಕೇಳುತ್ತಿತ್ತು.

"ನಾವು ಬೇಡ ಹೇಳುದಾ? ಆದ್ರೆ ಐದು ದಿನದ ಕೂಸಿಗೆ ಪುನಃ ಸೂಜಿ ಚುಚ್ಚಿಸುದು ಅಂದ್ರೆ... ನಾಳೆ ನಾವೇ ಬರ್ತೇವೆ, ನೋಡಿ ಮಾತಾಡುವ."

ಪ್ರೇಮನಾಥಣ್ಣ ಕೀಯನ್ನು ಮೊಳೆಗೆ ಸಿಕ್ಕಿಸಿದರು. "ಅವರು ಬರುವ ಮೊದಲು ಕೊಂಡೋದ್ರೆ ಸರಿಯಾಗ್ಲಿಕ್ಕಿಲ್ಲ. ಒಂದು ದಿನ ಅಲ್ವಾ ಮಾರಾಯ್ತಿ."

ನಾನು ಇವತ್ತೇ ಆಗಬೇಕು ಎಂದು ಮೂರು ಸಲ ಹೇಳಿದೆ. ನಾಲ್ಕನೆಯ ಸಲ ಹೇಳಲಿಲ್ಲ. ನನ್ನ ಮೊಬೈಲಿನಲ್ಲಿ ಆಂಬುಲೆನ್ಸಿನ ನಂಬರು ಇತ್ತು, ಒತ್ತಲಿಲ್ಲ. ನಾಳೆಯೂ ಈ ಮನೆಯ ಮೆಟ್ಟಿಲು ಹತ್ತಬೇಕು, ದೊಡ್ಡವರ ಮಾತು ಮೀರಿದವಳು ಎಂದು ಹೆಸರು ಬಂದರೆ ಊರಲ್ಲಿ ಯಾರು ಬಾಗಿಲು ತೆಗೆಯುತ್ತಾರೆ ಎಂದು ಹೆದರಿದೆ. ಪುಸ್ತಕದಲ್ಲಿ 'ಸಲಹೆ ನೀಡಲಾಗಿದೆ' ಎಂದು ಬರೆದೆ. ಥೂ, ನನ್ನ ಜನ್ಮಕ್ಕಿಷ್ಟು! ಹೊರಡುವಾಗ ಪೂಜಿತಾ ನನ್ನ ಕೈ ಹಿಡಿದು, "ನುಸ್ರತಕ್ಕ, ಎಂತ ಆಗುದಿಲ್ಲ ಅಲ್ವಾ?" ಎಂದು ಕೇಳಿದಳು.

"ಎಂತ ಆಗುದಿಲ್ಲ" ಎಂದೆ.

ಮರುದಿನ ಮಧ್ಯಾಹ್ನ ಕೆಲಸ ಬಿಟ್ಟು ಅಲ್ಲಿಗೆ ನಡೆದೆ. ಅಂಗಳದಲ್ಲಿ ಕೊಯಿಲದವರ ಕಾರು ನಿಂತಿತ್ತು. ಬಂದವರಿಗೆ ಬೆಲ್ಲ ನೀರು ಕೊಟ್ಟು, ಕುಶಲ ಕೇಳಿ, ಊಟಕ್ಕೆ ಎಲೆ ಹಾಕುತ್ತಿದ್ದರು. ಕೂಸು ನಿದ್ರೆ ಮಾಡುತ್ತಿದೆ, ಎದ್ದ ಮೇಲೆ ನೋಡುವ ಎಂದರಂತೆ ಸುಂದರಿಯಕ್ಕ. ಆಗ ಒಳಗಿನಿಂದ ಅಳು ಬಂತು. ಅಷ್ಟು ಕೂಸುಗಳ ಅಳು ಕೇಳಿದವಳು ನಾನು, ಅಂಥದ್ದನ್ನು ಕೇಳಿರಲಿಲ್ಲ. ಸಪೂರ, ಚೂಪು ಕಿರುಚು. ಓಡಿ ಹೋಗಿ ನೋಡಿದರೆ ಮಗು ಕತ್ತು ಹಿಂದಕ್ಕೆ ಎಳೆದು ಬಿಲ್ಲಿನ ಹಾಗೆ ಬಗ್ಗಿತ್ತು. ಪೂಜಿತಾ ಮಗುವನ್ನು ಎತ್ತಿಕೊಂಡು ಯಾರ ಮುಖವನ್ನೂ ನೋಡದೆ ಕಾರಿಗೆ ಹೋಗಿ ಕೂತಳು.

ಪುತ್ತೂರಿನಿಂದ ಮಂಗಳೂರಿಗೆ ಕಳಿಸಿದರು, ನಾನೂ ಜೊತೆಗೆ ಹೋದೆ. ಅಲ್ಲಿ ಮಗುವಿನ ರಕ್ತವನ್ನೇ ಬದಲಿಸಿದರು. "ನಿನ್ನೆ ಯಾಕೆ ತರಲಿಲ್ಲ?" ಎಂದು ಡಾಕ್ಟರು ಕೇಳಿದರೆ ಎರಡು ಮನೆಯವರೂ ಮುಖ ಮುಖ ನೋಡಿಕೊಂಡರು. ನಾನು ನೆಲ ನೋಡಿದೆ.

ಮಗು ಉಳಿಯಿತು. ಎಲ್ಲರೂ ದೇವರಿಗೆ ಕೈ ಮುಗಿದರು, ನಾನೂ ಅಲ್ಲಾಹನನ್ನು ನೆನೆದು ಅತ್ತೆ. ಇಂಥ ಕಾಮಾಲೆ ಕಿವಿಗೂ ಹೊಡೆಯಬಹುದೆಂದು ಕಿವಿಯ ಪರೀಕ್ಷೆಗೆ ಒಂದು ದಿನ ಬರಲು ಹೇಳಿ ಚೀಟಿ ಕೊಟ್ಟಿದ್ದರು. ಒಂದು ಮದುವೆ, ಒಂದು ಪೂಜೆ ಎಂದು ಅದು ಮುಂದೆ ಹೋಯಿತು. ಲಸಿಕೆಯ ದಿನ ನೆನಪಿಸಲು ಹೋದಾಗ ಅವಳಿಗೆ ಮೂರೂವರೆ ತಿಂಗಳು. ಚಾಪೆಯ ಮೇಲೆ ಮಲಗಿ ಫ್ಯಾನು ನೋಡುತ್ತಿದ್ದಳು. ನಾನು ತಲೆಯ ಹಿಂದೆ ಚಪ್ಪಾಳೆ ತಟ್ಟಿದೆ. ಜೋರಾಗಿ ತಟ್ಟಿದೆ. ಅಡುಗೆಮನೆಯಿಂದ ಸ್ಟೀಲಿನ ಬಟ್ಟಲು ತಂದು ಸೊಂಟದೆತ್ತರದಿಂದ ನೆಲಕ್ಕೆ ಬಿಟ್ಟೆ.

ಪ್ರೇಮನಾಥಣ್ಣ ಜಗಲಿಯಿಂದ "ಎಂತ ಬಿತ್ತು?" ಎನ್ನುತ್ತ ಓಡಿಬಂದರು. ಮಗು ರೆಪ್ಪೆಯನ್ನೂ ಅಲುಗಿಸಲಿಲ್ಲ.

ಪೂಜಿತಾ ಬಗ್ಗಿ ಬಟ್ಟಲು ಎತ್ತಿಕೊಂಡು, ಮಗುವಿನ ಕಿವಿಯ ಹತ್ತಿರವೇ ಬೀಳಿಸಿದಳು. ಮತ್ತೆ ಎತ್ತಿದಳು, ಮತ್ತೆ ಬೀಳಿಸಿದಳು. ಅಮ್ಮನ ಮುಖ ಕಂಡದ್ದಕ್ಕೆ ಮಗು ನಕ್ಕಿತು. ಅವಳು ಇನ್ನೊಮ್ಮೆ ಎತ್ತಿದಾಗ ನಾನು ಅವಳ ಕೈ ಹಿಡಿದುಕೊಂಡೆ.