ಗುರುವಾರದ ಪ್ರಾಕ್ಟೀಸ್

“ಗುರುವಾರಾನಾ? ಗುರುವಾರ ನಮಗೆ ಯಾವತ್ತೂ ಪ್ರಾಕ್ಟೀಸ್ ಇರ್ಲಿಲ್ವಲ್ಲಕ್ಕಾ,” ಎಂದಳು ಶಾಲೆಯ ಕಮೋಗಿ ಎಂಬ ಐರಿಷ್ ಕೋಲುಚೆಂಡಾಟದ ತಂಡದ ನಾಯಕಿ ಆಷ್ಲಿಂಗ್, ಸ್ಯಾಂಡ್‌ವಿಚ್ ತಟ್ಟೆಯನ್ನು ಫಿನೂಲಾಳತ್ತ ಚಾಚುತ್ತಾ.

ಫಿನೂಲಾಳ ಗಂಡ ಡೊನಲ್‌ನ ನೆನಪಿನ ಸಭೆ ಶಾಲೆಯಲ್ಲಿ ಆಗಷ್ಟೇ ಮುಗಿದಿತ್ತು. ೧೯೮೬ರ ಮಾರ್ಚ್. ಮೈದಾನಕ್ಕೆ ಸುಣ್ಣದ ಗೆರೆ ಎಳೆಯುತ್ತಿದ್ದವನು ಎದೆ ಹಿಡಿದುಕೊಂಡು ಕುಸಿದು ಸತ್ತು ತಿಂಗಳಾಗಿತ್ತು, ಅವನಿಗಿನ್ನೂ ಮೂವತ್ತೊಂದು ವರ್ಷ. ಲೆಕ್ಕದ ಮೇಷ್ಟ್ರು, ಹುಡುಗಿಯರ ತಂಡಕ್ಕೆ ಕೋಚ್. ಸೋತು ಬರುವಾಗ ಬಸ್ಸಿನಲ್ಲಿ ಅಪಸ್ವರದಲ್ಲಿ ಹಾಡಿ ನಗಿಸುತ್ತಿದ್ದನೆಂದು ಒಬ್ಬರು, ತನ್ನ ಒಣ ಸಾಕ್ಸನ್ನು ಗೋಲು ಕಾಯುವವಳಿಗೆ ಬಿಚ್ಚಿಕೊಟ್ಟನೆಂದು ಇನ್ನೊಬ್ಬರು ಹೇಳಿದ್ದರು. ಫಿನೂಲಾ ಎಲ್ಲದಕ್ಕೂ ತಲೆಯಾಡಿಸಿದ್ದಳು.

ಎರಡು ವರ್ಷ, ಪ್ರತಿ ಗುರುವಾರ, “ಪ್ರಾಕ್ಟೀಸ್ ಇದೆ ಕಣೇ” ಎಂದು ಹೋಗುತ್ತಿದ್ದ. ವಾಪಸ್ ಬಂದಾಗ ಬೂಟಿಗೆ ಕೆಸರೇ ಇರುತ್ತಿರಲಿಲ್ಲ. ಆಗಲೇ ಕೇಳಬೇಕಿತ್ತು.

ಈಗ ಅಳುತ್ತಿದ್ದ ಒಬ್ಬೊಬ್ಬ ಹೆಂಗಸನ್ನೂ ಅವಳ ಕಣ್ಣು ಅಳೆಯತೊಡಗಿತು. ಹಿಂದಿನ ಸಾಲಿನಲ್ಲಿದ್ದ ಹಸಿರು ಕೋಟಿನವಳು ಚಹಾ ಕೂಡ ಮುಟ್ಟದೆ ಹೊರಟಳು. ಫಿನೂಲಾ ಅವಳ ಹಿಂದೆಯೇ ಹೋಗಿ ಕಾರಿನ ಬಳಿ ತಡೆದಳು.

“ನನ್ನ ಗಂಡ ನಿಮಗೆ ಹೇಗೆ ಗೊತ್ತು?”

“ನನ್ನ ಮಗಳ ಮೇಷ್ಟ್ರು. ನಾನು ಬ್ರೀಡಾ ಅಂತ.”

“ಗುರುವಾರಾನೂ ಮೇಷ್ಟ್ರೇನಾ?”

ಬ್ರೀಡಾಳ ಮುಖ ಕೆಂಪಾಯಿತು. “ಯಾರಿಗೂ ಹೇಳಲ್ಲ ಅಂದಿದ್ರು. ನಿಮಗೂ ಹೇಳ್ಲಿಲ್ವಾ? ಬನ್ನಿ ಮನೆಗೆ. ಬಾಯಲ್ಲಿ ಹೇಳಿದ್ರೆ ನಂಬಲ್ಲ ನೀವು.”

ಫಿನೂಲಾ ಅವಳ ಕಾರು ಹತ್ತಿದಳು. ಮನೆಯ ಬಾಗಿಲ ಹಿಂದೆ ಗಂಡಸಿನ ಕೋಟೊಂದು ನೇತಾಡುತ್ತಿತ್ತು.

“ಯಾರದು ಇದು?”

“ನಮ್ಮಪ್ಪಂದು,” ಎಂದಳು ಬ್ರೀಡಾ. ಫಿನೂಲಾ ಅದರ ಕಾಲರ್ ಮೂಸಿ ನೋಡಿದಳು. ಪೈಪಿನ ಹೊಗೆಸೊಪ್ಪಿನ ವಾಸನೆ; ಡೊನಲ್ ಸೇದುತ್ತಿರಲಿಲ್ಲ.

ಮಹಡಿಯಲ್ಲಿ ಒಂದು ಮುಚ್ಚಿದ ಕೋಣೆ. ಎದುರಿಗೆ ಅಡುಗೆಮನೆಯ ಕುರ್ಚಿ.

“ಒಳಗಿರೋದು ನನ್ನ ಮಗಳು ಕ್ವೀವಾ,” ಬ್ರೀಡಾ ಪಿಸುಗುಟ್ಟಿದಳು. “ಫೈನಲ್ಲಲ್ಲಿ ಇವಳ ತಪ್ಪಿಂದ ಸೋತ್ರಲ್ಲ, ಊರೋರು ಆಡ್ಕೊಂಡ್ರು. ಅವತ್ತಿಂದ ಮನೆಯೋರನ್ನ ಬಿಟ್ಟು ಯಾರಿಗೂ ಮುಖ ತೋರಿಸಿಲ್ಲ. ಸರ್ ಇಲ್ಲೇ ಕೂತು ಲೆಕ್ಕ ಹೇಳ್ಕೊಡ್ತಿದ್ರು, ಅವಳು ಒಳಗಿಂದ ಉತ್ತರ ಹೇಳೋಳು.”

“ಎರಡು ವರ್ಷ? ಮುಚ್ಚಿದ ಬಾಗಿಲಿಗೆ ಪಾಠ ಮಾಡ್ತಿದ್ನಾ? ಯಾರಿಗೆ ಕತೆ ಕಟ್ತಿದೀರಿ?”

ಫಿನೂಲಾ ಆ ಕುರ್ಚಿಯ ಮೇಲೆ ಧೊಪ್ಪನೆ ಕುಳಿತಳು. ಅದು ಕಿರುಗುಟ್ಟಿತು. ಒಳಗೆ ಯಾರೋ ಓಡಿ ಬಂದ ಸದ್ದು.

“ಸರ್? ಬಂದ್ರಾ?”

ಫಿನೂಲಾ ತಲೆಯೆತ್ತಿ ಬ್ರೀಡಾಳನ್ನು ನೋಡಿದಳು. ಬ್ರೀಡಾ ಬಾಯಿಗೆ ಕೈ ಅಡ್ಡ ಹಿಡಿದು, “ಸರ್‌ಗೆ ಹುಷಾರಿಲ್ಲ ಅಂತ ಹೇಳಿಟ್ಟಿದೀನಿ. ನಿಜ ಹೇಳೋ ಧೈರ್ಯ ಬರ್ಲಿಲ್ಲ,” ಎಂದಳು.

“ನಾನಮ್ಮಾ, ಅವರ ಹೆಂಡ್ತಿ,” ಎಂದಳು ಫಿನೂಲಾ.

ಆಮೇಲೆ ಹುಡುಗಿಯ ದನಿ, ಈ ಸಲ ಅನುಮಾನದಲ್ಲಿ: “ಅವ್ರು ಎಲ್ಲಿ? ನನ್ ಸಹವಾಸ ಸಾಕಾಯ್ತು ಅಂದ್ರಾ?”

ಹೌದೆಂದುಬಿಡಬಹುದಿತ್ತು. ಡೊನಲ್‌ಗೆ ತನ್ನ ಸಹವಾಸ ಸಾಕಾಗಿತ್ತೆಂದು ತನಗೂ ಇಲ್ಲಿಯವರೆಗೆ ಅನ್ನಿಸಿತ್ತಲ್ಲ.

“ಇಲ್ಲ ಕಂದಾ. ಯಾವ ಗುರುವಾರಾನೂ ತಪ್ಪಿಸ್ದೆ ಬಂದಿದಾರೆ. ಅವ್ರು ತೀರ್ಕೊಂಡ್ರು. ಒಂದು ತಿಂಗಳಾಯ್ತು.”

ಬ್ರೀಡಾ ಮೆಟ್ಟಿಲ ಮೇಲೆ ಕುಸಿದು ಕುಳಿತಳು. ತುಂಬ ಹೊತ್ತಾದ ಮೇಲೆ ಚಿಲಕ ಸರಿಯಿತು. ಬಾಗಿಲು ಅಂಗೈಯಗಲ ತೆರೆದು ನಿಂತಿತು. ಅದರ ಅಂಚನ್ನು ನಾಲ್ಕು ಬಿಳಿಚಿದ ಬೆರಳು ಹಿಡಿದಿದ್ದವು, ತುದಿಗಳಲ್ಲಿ ಪೆನ್ಸಿಲಿನ ಕಪ್ಪು. ಫಿನೂಲಾ ಕುರ್ಚಿಯನ್ನು ಸದ್ದಾಗದಂತೆ ತುಸು ಹತ್ತಿರ ಎಳೆದುಕೊಂಡಳು.