ಚಿಕ್ಕಬುದ್ಧಿಯವರ ಬಸ್ಸು

ಬೆಟ್ಟದಬಾಗಿಲಿನ ಅರಸು ಮನೆತನದ ಒಬ್ಬನೇ ಕುಡಿ ಅನಂತರಾಜನಿಗೆ ಕನಕಪುರ ಡಿಪೊದಲ್ಲಿ ಬಸ್ ಡ್ರೈವರ್ ಕೆಲಸ ಸಿಕ್ಕಿದೆ ಎಂದಾಗ ಊರಲ್ಲಿ ಮೊದಲು ಯಾರೂ ನಂಬಲಿಲ್ಲ. ನಂಬಿದ ಮೇಲೆ ಸಂತೋಷಪಡಬೇಕೋ ಮರುಗಬೇಕೋ ತಿಳಿಯಲಿಲ್ಲ. ಅರಳಿಕಟ್ಟೆಯ ಮೇಲೆ ಕೂತಿದ್ದ ಮುದುಕ ಗಂಗಹನುಮಯ್ಯ, "ಚಿಕ್ಕಬುದ್ಧೀರು ಮುಂದ್ಗಡೆ ಬಸ್ ಓಡುಸ್ತಾ ಇರೋದು, ನಾವು ಇಂದ್ಗಡೆ ಕಾಲ್ ಮೇಲ್ ಕಾಲಾಕ್ಕೊಂಡು ಕೂತ್ಕಳದು! ಆಗಾಕಿಲ್ಲ ಕಣ್ರಪ್ಪಾ," ಎಂದ.

ಸಾತನೂರು ದಾಟಿ ಚನ್ನಪಟ್ಟಣದ ಕಡೆ ಹೊರಟರೆ ರಸ್ತೆಗೆ ಕಾಡು ಹತ್ತಿರವಾಗುವ ಜಾಗದಲ್ಲಿ ಈ ಊರಿದೆ. ಹಿಂದೆ ಬೆಟ್ಟದ ದಾರಿ ಕಾಯುವ ಹೊಣೆ ಅರಸು ಮನೆತನದ್ದು. ಈಗ ದಾರಿ ಸರ್ಕಾರದ್ದು, ಕಾಡು ಅರಣ್ಯ ಇಲಾಖೆಯದ್ದು. ಮನೆತನಕ್ಕೆ ಉಳಿದದ್ದು ಕಂಬಸಾಲಿನ ದೊಡ್ಡ ಮನೆ, ಒಂದಿಷ್ಟು ಮಾವಿನ ತೋಟ, ಒಡೆಯರನ್ನು ಕರೆಯಲು ಜನರ ಬಾಯಲ್ಲಿ ಇನ್ನೂ ಸವೆಯದ 'ಬುದ್ಧಿ' ಎಂಬ ಮಾತು.

ಅನಂತರಾಜನ ತಾಯಿ ಅವನು ಮೂರು ವರ್ಷದವನಿದ್ದಾಗಲೇ ತೀರಿಹೋದರು. ತಂದೆ ಮತ್ತೆ ಮದುವೆಯಾಗಿ ಮೈಸೂರಿನಲ್ಲಿ ನೆಲೆಸಿದರು. ಮಗುವನ್ನು ಮಾತ್ರ ಅಜ್ಜಿ ದೇವಾಜಮ್ಮಣ್ಣಿಯವರು ಬಿಟ್ಟುಕೊಡಲಿಲ್ಲ. "ಗದ್ದಿಗೆ ಇರೋದು ಇಲ್ಲಿ. ಕೂರೋನು ಇಲ್ಲೇ ಬೆಳೀಲಿ," ಎಂದರು.

ಗದ್ದಿಗೆ ಎಂದರೆ ಬೆಳ್ಳಿ ತಗಡು ಹೊದಿಸಿದ ಒಂದು ಮರದ ಪೀಠ. ನವರಾತ್ರಿಯಲ್ಲಿ ಅದರ ಮೇಲೆ ಪೇಟ ಸುತ್ತಿದ ಹುಡುಗನನ್ನು ಕೂರಿಸುತ್ತಿದ್ದರು. ಸುತ್ತಲಿನ ಹಳ್ಳಿಗಳವರು ಬಂದು ನಿಂಬೆಹಣ್ಣು ಕೊಟ್ಟು ಕೈಮುಗಿದು ಹೋಗುವ ತನಕ ಅವನು ಮಿಸುಕಾಡುವಂತಿರಲಿಲ್ಲ. ಮೂಗಿನ ಮೇಲೆ ನೊಣ ಕೂತರೂ ಓಡಿಸುವಂತಿರಲಿಲ್ಲ. ಎತ್ತರದ ದನಿಯಲ್ಲಿ ಮಾತಾಡಬಾರದು, ಆಳುಕಾಳುಗಳನ್ನೂ ಬಹುವಚನದಲ್ಲೇ ಕರೆಯಬೇಕು, ಹಸಿವಾಗಿದೆ ಎಂದು ಬಾಯಿಬಿಟ್ಟು ಹೇಳಬಾರದು. ಇವು ಅಜ್ಜಿಯ ಪಾಠಗಳು. ಶಾಲೆಯಲ್ಲಿ ಮೇಷ್ಟ್ರೂ ಅವನಿಗೆ 'ತಾವು' ಎನ್ನುತ್ತಿದ್ದರು. ಕಬಡ್ಡಿ ಆಡುವಾಗ ಅವನು ಉಸಿರು ಬಿಗಿಹಿಡಿದು ಎದುರು ಪಾಳೆಯಕ್ಕೆ ಹೋದರೆ ಯಾರೂ ಮೈಮುಟ್ಟಿ ಹಿಡಿಯುತ್ತಿರಲಿಲ್ಲ. ಅಲ್ಲಿ ಒಂದು ಸುತ್ತು ಹಾಕಿ, ಹೋದ ಹಾಗೇ ವಾಪಸು ಬರುತ್ತಿದ್ದ. ಒಂದು ವಾರ ಆಡಿ, ಆಮೇಲೆ ಆಟಕ್ಕೆ ಹೋಗುವುದನ್ನೇ ಬಿಟ್ಟ.

ಹೀಗೆ ಬೆಳೆದವನು ಮುಂಗೋಪಿಯೋ ಜಂಬಗಾರನೋ ಆಗಬಹುದಿತ್ತು. ಅವನು ಎರಡೂ ಆಗಲಿಲ್ಲ. ಮಾತು ಕಡಿಮೆ, ನಗು ಇನ್ನೂ ಕಡಿಮೆ. ಗಂಜಿ ಹಾಕಿ ಇಸ್ತ್ರಿ ಮಾಡಿದ ಬಟ್ಟೆ, ಸಕ್ಕರೆ ಇಲ್ಲದ ಕಾಫಿ, ಹುರುಳಿಕಾಳಿನ ಬಸ್ಸಾರು, ಇಷ್ಟು ಸಿಕ್ಕರೆ ಸಾಕು. ಅವನಿಗೆ ನಿಜವಾದ ಹುಚ್ಚು ಇದ್ದದ್ದು ಒಂದೇ ವಸ್ತುವಿನದು. ಕೊಟ್ಟಿಗೆಯ ಪಕ್ಕದಲ್ಲಿ ತಾತನ ಕಾಲದ ಜೀಪೊಂದು ನಿಂತಿತ್ತು. ಮನೆಯ ಹಳೆಯ ಡ್ರೈವರ್ ಮರಿಯಪ್ಪನನ್ನು ಕಾಡಿ ಬೇಡಿ ಅವನು ಅದನ್ನು ಬಿಚ್ಚಿದ, ಜೋಡಿಸಿದ, ಮಾವಿನ ತೋಟದೊಳಗೆ ಓಡಿಸಲು ಕಲಿತ. ದಾರಿ ಏರುವಾಗ ಎಂಜಿನ್ನಿನ ದನಿ ಬದಲಾಗುವ ಆ ಗಳಿಗೆ ಅವನಿಗೆ ಸಂಗೀತದಂತೆ. ಹಾರನ್ ಹೊಡೆಯುವುದು ಮಾತ್ರ ಅವನಿಗೆ ಆಗುತ್ತಿರಲಿಲ್ಲ. "ಗಾಡೀಲಿ ಕೂತ್ಕೊಂಡು ಜನರ ಮೇಲೆ ಕೂಗಾಡೋದು ಯಾಕೆ?" ಎನ್ನುತ್ತಿದ್ದ.

ಡಿಗ್ರಿ ಮುಗಿಸಿ, ಹಾರೋಹಳ್ಳಿಯ ಕಾರ್ಖಾನೆಯೊಂದರ ಆಫೀಸಿನಲ್ಲಿ ಎರಡು ವರ್ಷ ಕೂತು ಬೇಸತ್ತು, ಕೊನೆಗೆ ಡ್ರೈವರ್ ಹುದ್ದೆಗೆ ಅರ್ಜಿ ಹಾಕಿದ. ಕೆಲಸ ಸಿಕ್ಕಿದ ದಿನ ಅಜ್ಜಿಯ ಮುಂದೆ ನಿಂತು ನೇರವಾಗಿ ಹೇಳಿದ.

ದೇವಾಜಮ್ಮಣ್ಣಿಯವರು ಅವನನ್ನು ಮೇಲಿಂದ ಕೆಳಗೆ ನೋಡಿದರು. "ನಮ್ಮನೇಲಿ ಗಾಡಿ ಹೊಡೆಯೋರು ಇರ್ತಿದ್ರು. ನಾವು ಹೊಡೀತಿರ್ಲಿಲ್ಲ."

"ನನಗೆ ಅದೇ ಇಷ್ಟ, ಅಜ್ಜಿ."

"ಇಷ್ಟ ಅಂತ ಮಾಡೋದಲ್ಲ ಎಲ್ಲಾನೂ."

ಅಂದಿನಿಂದ ಅವರು ಅವನ ಜೊತೆ ಊಟಕ್ಕೆ ಕೂರುವುದನ್ನು ನಿಲ್ಲಿಸಿದರು. ಅಡುಗೆಯ ಶಿವಲಿಂಗಮ್ಮನೇ ಅತ್ತಿಂದಿತ್ತ ಮಾತು ಸಾಗಿಸುತ್ತಿದ್ದಳು.

ಅವನಿಗೆ ಸಿಕ್ಕಿದ್ದು ಕನಕಪುರ–ಚನ್ನಪಟ್ಟಣ ದಾರಿ. ಕಂಡಕ್ಟರ್ ನೂರ್ಜಹಾನ್, ಕನಕಪುರದ ರೇಷ್ಮೆ ನೂಲು ತೆಗೆಯುವವರ ಮನೆಯ ಹೆಣ್ಣುಮಗಳು, ಮಾತಿನಲ್ಲಿ ಚೂಪು. ಮೊದಲ ದಿನ ಬೆಟ್ಟದಬಾಗಿಲಿನಲ್ಲಿ ಬಸ್ಸು ನಿಂತಾಗ ಹತ್ತಿದವರು ಯಾರೂ ಕೂರಲಿಲ್ಲ. ಸೀಟು ಖಾಲಿ ಇದ್ದರೂ ಕಂಬಿ ಹಿಡಿದು ನಿಂತರು. ಗಂಗಹನುಮಯ್ಯನಂತೂ ಚಪ್ಪಲಿಯನ್ನು ಕೈಯಲ್ಲಿ ಹಿಡಿದಿದ್ದ.

"ಏನ್ರೀ ಇದು, ಬಸ್ಸಾ ಗುಡೀನಾ?" ಎಂದಳು ನೂರ್ಜಹಾನ್. "ಚಪ್ಲಿ ಹಾಕ್ಕೊಳ್ಳಿ ತಾತಾ. ಎಲ್ರೂ ಕೂತ್ಕೊಳ್ಳಿ, ಇಲ್ಲಾಂದ್ರೆ ರೈಟ್ ಹೇಳಲ್ಲ ನಾನು."

"ಬುದ್ಧೀರ ಇಂದೆ ಎಂಗವ್ವಾ ಕೂರದು?" ಎಂದ ಮುದುಕ.

ಅನಂತರಾಜ ಕನ್ನಡಿಯಲ್ಲೇ ಅವರನ್ನು ನೋಡಿ, "ದಯವಿಟ್ಟು ಕೂತ್ಕೊಳ್ಳಿ. ನೀವು ನಿಂತಿದ್ರೆ ನನಗೆ ಬ್ರೇಕ್ ಹಾಕೋಕೆ ಭಯ," ಎಂದ. ಒಬ್ಬೊಬ್ಬರಾಗಿ, ಸೀಟಿನ ತುದಿಗೆ, ಕೂತರು. ತಿಂಗಳು ಕಳೆದರೂ ಬಸ್ಸಿನಲ್ಲಿ ಯಾರೂ ಜೋರಾಗಿ ಫೋನಿನಲ್ಲಿ ಮಾತಾಡುತ್ತಿರಲಿಲ್ಲ. ಇಳಿಯುವಾಗ ಕೈಮುಗಿಯುತ್ತಿದ್ದರು. ಅವನು ಪ್ರತಿಯೊಬ್ಬರಿಗೂ ತಲೆಬಾಗಿಸುತ್ತಿದ್ದ. ಅದರಿಂದ ಬಸ್ಸು ದಿನಾ ಸ್ವಲ್ಪ ತಡವಾಗುತ್ತಿತ್ತು.

ರಾಗಿ ಕೊಯ್ಲಿನ ಸಮಯ. ಒಂದು ಬೆಳಿಗ್ಗೆ ಸ್ಟಾಪಿನಲ್ಲಿ ಜನ ದೂರ ಸರಿದು ನಿಂತಿದ್ದರು. ನಡುವೆ ದೇವಾಜಮ್ಮಣ್ಣಿಯವರು, ಜರಿಯಂಚಿನ ಸೀರೆ ಉಟ್ಟು, ಬುಟ್ಟಿ ಹಿಡಿದ ಶಿವಲಿಂಗಮ್ಮನೊಡನೆ. ಎಲ್ಲಿಗೆ ಹೋದರೂ ಬಾಡಿಗೆ ಕಾರು ತರಿಸುವವರು. ಅನಂತರಾಜನ ಕೈ ಗೇರಿನ ಮೇಲೆ ಹಾಗೇ ನಿಂತಿತು. ಅಜ್ಜಿ ಅವನತ್ತ ನೋಡದೆ ಹತ್ತಿ ಮುಂದಿನ ಸೀಟಿನಲ್ಲಿ ಕೂತರು.

"ದೊಡ್ಡಮಳೂರಿನ ದೇವಸ್ಥಾನಕ್ಕೆ ಹೋಗ್ಬೇಕು. ಚನ್ನಪಟ್ಟಣಕ್ಕೆ ಎರಡು ಕೊಡಮ್ಮ."

"ಹೆಂಗಸರಿಗೆ ಫ್ರೀ ಅಜ್ಜಿ. ಆಧಾರ್ ಕಾರ್ಡ್ ತೋರ್ಸಿ."

"ಕಾರ್ಡಾ? ನಾನು ಯಾರು ಅಂತ ನಾನು ತೋರಿಸ್ಬೇಕಾ?"

ಹಿಂದೆ ಕೂತವರೆಲ್ಲ ಕತ್ತು ಚಾಚಿದರು. ನೂರ್ಜಹಾನ್ ಹೆದರಲಿಲ್ಲ. "ನಂಗೊತ್ತು ಅಜ್ಜಿ, ಊರಿಗೇ ಗೊತ್ತು. ಚೆಕಿಂಗ್‌ನೋರಿಗೆ ಗೊತ್ತಿಲ್ವಲ್ಲ!" ದೇವಾಜಮ್ಮಣ್ಣಿಯವರ ತುಟಿಯಂಚು ಸ್ವಲ್ಪ ಸಡಿಲಾಯಿತು. ಶಿವಲಿಂಗಮ್ಮ ಬುಟ್ಟಿಯಿಂದ ಎರಡೂ ಕಾರ್ಡು ತೆಗೆದು ತೋರಿಸಿದಳು.

ಊರು ಬಿಟ್ಟು ಕಾಡಂಚಿನ ತಿರುವು ದಾಟಿದ ಕೂಡಲೇ ಅನಂತರಾಜ ಬಸ್ಸನ್ನು ಮೆಲ್ಲಗೆ ನಿಲ್ಲಿಸಿದ. ರಸ್ತೆಯ ಮೇಲೆ ಆನೆಗಳು. ಎರಡು ದೊಡ್ಡವು, ಒಂದು ಮರಿ. ಬಸ್ಸಿಗೂ ಆನೆಗಳಿಗೂ ನಡುವೆ ಬೈಕಿನ ಮೇಲೆ ಒಬ್ಬ ಯುವಕ. ತಿರುವು ದಾಟಿ ಏಕಾಏಕಿ ಎದುರಾದವನು, ಎಂಜಿನ್ ಆಫ್ ಆಗಿ, ಕಾಲು ನೆಲಕ್ಕೂರಿ ಕಲ್ಲಾಗಿದ್ದ.

"ಹಾರನ್ ಹೊಡೀರಿ, ಓಡೋಯ್ತವೆ!" ಹಿಂದಿನಿಂದ ಯಾರೋ ಕೂಗಿದರು. ಒಂದು ಮಗು ಅಳತೊಡಗಿತು.

ಅನಂತರಾಜ ಎಂಜಿನ್ ಆರಿಸಿ ಕೈ ಎತ್ತಿದ. ದನಿ ಏರಿಸಲಿಲ್ಲ. "ಮರಿ ಇದೆ. ಸದ್ದು ಮಾಡಬೇಡಿ. ಯಾರೂ ಇಳೀಬೇಡಿ."

ತಾಯಾನೆ ಕಿವಿ ಅಗಲಿಸಿ ಎರಡು ಹೆಜ್ಜೆ ಮುಂದಿಟ್ಟಿತು. ಬೈಕಿನವನು ತಿರುಗಿ ನೋಡುವ ಸ್ಥಿತಿಯಲ್ಲೂ ಇರಲಿಲ್ಲ.

"ನೂರ್ಜಹಾನ್ ಅವರೇ, ಬಾಗಿಲು ತೆಗೆದಿಟ್ಟಿರಿ."

"ಅಣ್ಣಾ, ಬೇಡ—"

ಅವನು ಇಳಿದಾಗಿತ್ತು. ಓಡಲಿಲ್ಲ, ಬಗ್ಗಲಿಲ್ಲ. ಖಾಕಿ ಅಂಗಿಯ ಮಡಿಕೆ ಕೂಡ ಕೆಡದಂತೆ, ಆನೆಯ ಕಣ್ಣಿನತ್ತ ನೋಡದೆ, ನಿಧಾನವಾಗಿ ನಡೆದು ಯುವಕನ ತೋಳು ಹಿಡಿದ.

"ನಿಮ್ಮ ಹೆಸರೇನು?"

"ಲೋ... ಲೋಕೇಶ."

"ಲೋಕೇಶ್, ಬೈಕನ್ನ ಮಲಗಿಸಿ. ನನ್ನ ಜೊತೆ ಹಿಂದಕ್ಕೆ ಹೆಜ್ಜೆ ಇಡಿ. ಅವಸರ ಬೇಡ."

ಇಬ್ಬರೂ ಹಿಂದೆ ಹಿಂದೆ ಸರಿದು ಬಂದರು. ಬಾಗಿಲ ಬಳಿ ಬಂದಾಗ, ಅಂದೂ ಬಸ್ಸಿನಲ್ಲಿದ್ದ ಗಂಗಹನುಮಯ್ಯ ಕೈ ಚಾಚಿ, ಇದುವರೆಗೆ ಮುಟ್ಟಲು ಅಂಜುತ್ತಿದ್ದ ಚಿಕ್ಕಬುದ್ಧಿಯವರ ಅಂಗಿಯ ಕಾಲರನ್ನೇ ಹಿಡಿದು ಒಳಗೆ ಎಳೆದುಕೊಂಡ. "ಏನ್ಲಾ ನಿಂಗೆ ತಲೆ ಕೆಟ್ಟೈತಾ!" ಎಂದು ಬೈದೂಬಿಟ್ಟ. ಆನೆ ಬಂದು ಬೈಕನ್ನು ಸೊಂಡಿಲಿನಿಂದ ಮೂಸಿತು, ಕಾಲಿನಿಂದ ಒಮ್ಮೆ ಹೊರಳಿಸಿತು. ಆಮೇಲೆ ಮರಿಯನ್ನು ಮುಂದೆ ಬಿಟ್ಟುಕೊಂಡು ರಾಗಿ ಹೊಲಕ್ಕಿಳಿದು ಬೆಟ್ಟದತ್ತ ಹೋಯಿತು. ಉಳಿದ ಆನೆಯೂ ಹಿಂಬಾಲಿಸಿತು.

ಬಸ್ಸಿನಲ್ಲಿ ಎಲ್ಲರೂ ಒಟ್ಟಿಗೇ ಮಾತಾಡತೊಡಗಿದರು. ಅನಂತರಾಜ ತನ್ನ ಸೀಟಿಗೆ ಬಂದು ಕೀಲಿ ತಿರುಗಿಸಲು ನೋಡಿದ. ಎರಡು ಸಲವೂ ಬೆರಳು ಜಾರಿತು. ದೇವಾಜಮ್ಮಣ್ಣಿಯವರು ಎದ್ದು ಬಂದು ಅವನ ಪಕ್ಕದಲ್ಲಿ ನಿಂತರು.

"ಹೆದರಿದೆಯಾ?"

"ಹೂಂ ಅಜ್ಜಿ. ತುಂಬಾ."

"ನಿಮ್ಮ ತಾತನೂ ಹೆದರ್ತಿದ್ರು. ಬಾಗಿಲು ಹಾಕ್ಕೊಂಡು ಒಬ್ಬರೇ ಕೂತಿರ್ತಿದ್ರು. ಯಾರಿಗೂ ಹೇಳಿದೋರಲ್ಲ." ಅವರು ಬಿಸಿನೀರಿನ ಫ್ಲಾಸ್ಕು ತೆಗೆದು ಮುಚ್ಚಳಕ್ಕೆ ಬಗ್ಗಿಸಿಕೊಟ್ಟರು. "ಕುಡಿ. ಆಮೇಲೆ ಹೊರಡು. ಅವಸರ ಇಲ್ಲ, ದೇವರು ಕಾಯ್ತಾನೆ."

ಬಸ್ಸು ಚನ್ನಪಟ್ಟಣ ಮುಟ್ಟಿದ್ದು ಬಹಳ ತಡವಾಗಿ. ನಡೆದದ್ದನ್ನು ಅವನೂ ನೂರ್ಜಹಾನಳೂ ಹೇಳಿದ ಮೇಲೆ, ಬಸ್ಸಿನಿಂದ ಇಳಿದು ಹೋದದ್ದಕ್ಕೆ ಡಿಪೊದವರು ಅವನಿಗೆ ಬುದ್ಧಿವಾದ ಹೇಳಿದರು. ಮತ್ತೆ ಹಾಗೆ ಮಾಡುವುದಿಲ್ಲ ಎಂದು ಅವನು ಒಪ್ಪಿಕೊಂಡ. ಒಪ್ಪಿಕೊಂಡರೂ ಮಾಡದೆ ಇರುತ್ತಾನೆ ಎಂಬ ನಂಬಿಕೆ ನೂರ್ಜಹಾನಳಿಗಿಲ್ಲ.

ಈ ಕೆಲಸ ದೇವಾಜಮ್ಮಣ್ಣಿಯವರಿಗೆ ಇವತ್ತಿಗೂ ಒಪ್ಪಿಗೆಯಾಗಿಲ್ಲ. ಯಾರಾದರೂ ಕೇಳಿದರೆ ಮೊಮ್ಮಗ "ಸರ್ಕಾರದಲ್ಲಿದ್ದಾನೆ" ಎಂದಷ್ಟೇ ಹೇಳಿ ಮಾತು ತಿರುಗಿಸುತ್ತಾರೆ. ಆದರೆ ಆನೆಗಳು ಎದುರಾದ ದಿನದ ಮಾರನೆಯ ಬೆಳಿಗ್ಗೆ ಅವನು ಹೊರಡುವ ಮೊದಲೇ ಎದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು.

"ಡಬ್ಬೀಲಿ ಇಬ್ಬರಿಗಾಗೋ ಅಷ್ಟು ಹಾಕಿ ಶಿವಲಿಂಗಮ್ಮ," ಎಂದರು. "ಆ ಕಂಡಕ್ಟರ್ ಹುಡುಗಿ ಬರೀ ಬಾಯಲ್ಲೇ ಬದುಕಿದಾಳೆ. ಮೈಯಲ್ಲಿ ಏನೂ ಇಲ್ಲ."